ಅಪ್ಪನ ನೋಟ್‌ಬುಕ್ಕು, ಬ್ರಷ್ ಇಲ್ಲದ ಮೋಟಾರು ಮತ್ತು ನಾಲ್ಕೂವರೆ ನಿಮಿಷ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋದಕ್ಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಹೋದ ವಾರ ಗುಬ್ಬಿಯ ಮನೆಯಲ್ಲಿ ಅಟ್ಟ ಹತ್ತಿದಾಗ ಸಿಕ್ಕ ಒಂದು ನೋಟ್‌ಬುಕ್ಕು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ನೂರು ಪುಟದ ಗೆರೆ ಹಾಕಿದ ಪುಸ್ತಕ, ಮೇಲೆ ಅಪ್ಪನ ಅಕ್ಷರದಲ್ಲಿ "ವಿಮಾನ". ಒಳಗೆ ತಾರೀಖು, ಜಾಗ, ನಿಮಿಷ, ಸೆಕೆಂಡು.

ನಾನು ಆಟದ ವಿಮಾನ ಹಾರಿಸುವವನು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಾನು ಹಾರಿಸುವಾಗ ಅಪ್ಪ ಎರಡು ಕೆಲಸ ಮಾಡುತ್ತಿದ್ದರು. ವಿಮಾನವನ್ನು ಕೈಯಲ್ಲಿ ಹಿಡಿದು ಗಾಳಿಗೆದುರಾಗಿ ನಾಲ್ಕು ಹೆಜ್ಜೆ ಓಡಿ ಎಸೆಯುವುದು, ಆಮೇಲೆ ಕೈಗಡಿಯಾರ ನೋಡಿ ಎಷ್ಟು ಹೊತ್ತು ಹಾರಿತು ಅಂತ ಬರೆದಿಡುವುದು. ಬರೆದಿಡುತ್ತಿದ್ದರು ಅಂತ ಗೊತ್ತಿತ್ತು, ಇಷ್ಟು ಶಿಸ್ತಾಗಿ ಅಂತ ಗೊತ್ತಿರಲಿಲ್ಲ. ಗಡಿಯಾರ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯ ಕ್ವಾರ್ಟ್ಜ್. ಅಪ್ಪ ನಿವೃತ್ತರಾಗುವ ತನಕ ದುಡಿದದ್ದೂ ಅದೇ ಕಾರ್ಖಾನೆಯಲ್ಲಿ.

ಮೊದಲ ನಮೂದು 2004ರ ಜನವರಿಯದು. "ಗುಬ್ಬಿ, ರಾಗಿ ಹೊಲ. 4 ನಿ. 30 ಸೆ. ತೆಂಗಿನ ಮರ." ಕೊನೆಯ ಆ ಎರಡು ಪದಕ್ಕೆ ವಿವರಣೆ ಬೇಡ ಅಂದ್ಕೋತೀನಿ. ನಮ್ಮ ಜಿಲ್ಲೆಯಲ್ಲಿ ವಿಮಾನ ಹಾರಿಸುವವನಿಗೆ ರೇಡಿಯೋ, ಬ್ಯಾಟರಿ ಎಷ್ಟು ಮುಖ್ಯವೋ ಕಾಯಿ ಕೀಳುವವನ ಪರಿಚಯವೂ ಅಷ್ಟೇ ಮುಖ್ಯ.

ಈ ನಾಲ್ಕೂವರೆ ನಿಮಿಷದ ಹಿಂದೆ ದೊಡ್ಡ ಕತೆಯೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ, ಬನ್ನಿ.

ವಿದ್ಯುತ್ತಿನಿಂದ ಹಾರುವ ಆಸೆ ವಿಮಾನಕ್ಕಿಂತ ಹಳೆಯದು. ರೈಟ್ ಸಹೋದರರಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲು, 1884ರ ಆಗಸ್ಟ್ 9ರಂದು, ಫ್ರಾನ್ಸಿನಲ್ಲಿ ರೆನಾರ್ ಮತ್ತು ಕ್ರೆಬ್ಸ್ ಎಂಬ ಇಬ್ಬರು ಸೇನಾಧಿಕಾರಿಗಳು 'ಲಾ ಫ್ರಾನ್ಸ್' ಎಂಬ ವಾಯುನೌಕೆಯನ್ನು ವಿದ್ಯುತ್ ಮೋಟಾರಿನಿಂದ ನಡೆಸಿ, ಹೊರಟ ಜಾಗಕ್ಕೇ ವಾಪಸ್ ತಂದು ಇಳಿಸಿದರು. 8 ಕಿಲೋಮೀಟರ್, 23 ನಿಮಿಷ. ಬ್ಯಾಟರಿಯ ತೂಕ 435 ಕಿಲೋ! ಹೈಡ್ರೋಜನ್ ತುಂಬಿದ ದೊಡ್ಡ ಚೀಲ ಎತ್ತಿ ಹಿಡಿದಿತ್ತು, ಆದ್ದರಿಂದ ನಡೆಯಿತು. ರೆಕ್ಕೆಯ ಮೇಲೆ ನಿಲ್ಲುವ ವಿಮಾನಕ್ಕೆ ಆ ತೂಕ ಸಾಧ್ಯವೇ ಇಲ್ಲ. ಪೆಟ್ರೋಲ್ ಎಂಜಿನ್ ಗೆದ್ದಿತು, ವಿದ್ಯುತ್ತು ಮೂಲೆ ಸೇರಿತು.

ಆಟದ ವಿಮಾನಗಳ ಲೋಕದಲ್ಲೂ ಹಾಗೆಯೇ. ಮೆಥನಾಲು, ಹರಳೆಣ್ಣೆ, ನೈಟ್ರೋಮೀಥೇನ್ ಕುಡಿದು ಕಿವಿ ಹರಿಯುವಂತೆ ಕಿರುಚುವ ಪುಟ್ಟ ಎಂಜಿನ್‌ಗಳದೇ ರಾಜ್ಯ. ಹೈಸ್ಕೂಲಿನಲ್ಲಿದ್ದಾಗ ತುಮಕೂರಿನ ಮೈದಾನವೊಂದರಲ್ಲಿ ಎನ್‌ಸಿಸಿಯವರ ಪ್ರದರ್ಶನದಲ್ಲಿ ಅಂಥದ್ದೊಂದನ್ನು ನೋಡಿದ್ದೆ. ಸುಟ್ಟ ಹರಳೆಣ್ಣೆಯ ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಆದರೆ ಗುಬ್ಬಿಯಂಥ ಊರಲ್ಲಿ ಶಾಲೆಯ ಹುಡುಗನಿಗೆ ಮೆಥನಾಲ್ ಯಾರು ಕೊಡುತ್ತಾರೆ? ಎಂಜಿನ್ನು ಯಾರು ಕೊಡಿಸುತ್ತಾರೆ? ರಬ್ಬರ್ ಬ್ಯಾಂಡ್ ತಿರುಚಿ ಬಿಡುವ ಬಾಲ್ಸಾ ವಿಮಾನದಲ್ಲೇ ನನ್ನ ಬಾಲ್ಯ ಮುಗಿಯಿತು. ಗುಬ್ಬಿಯಲ್ಲಿ ಹುಟ್ಟಿಯೂ ಹಾರಲಾಗದವನು ಅಂತ ಸ್ನೇಹಿತರು ಆಡಿಕೊಳ್ಳುತ್ತಿದ್ದರು, ಇರಲಿ.

ವಿದ್ಯುತ್ ಆಟದ ವಿಮಾನಕ್ಕೆ ಜನ್ಮದಿನ ಅಂತ ಒಂದಿದ್ದರೆ ಅದು 1957ರ ಜೂನ್ 30. ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಅವರ 'ರೇಡಿಯೋ ಕ್ವೀನ್', ದಾಖಲೆಗೆ ಸೇರಿದ ಮೊದಲ ರೇಡಿಯೋ ನಿಯಂತ್ರಿತ ವಿದ್ಯುತ್ ಹಾರಾಟ ಮಾಡಿದ್ದು ಅವತ್ತು. ಸರ್ಕಾರಿ ದಾಸ್ತಾನಿನಿಂದ ಬಂದ ಹಳೇ ಮೋಟಾರು, ಬೆಳ್ಳಿ-ಸತುವಿನ ಬ್ಯಾಟರಿ. ಈ ಬೆಳ್ಳಿ-ಸತು ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತದೆ. 1960ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಫ್ರೆಡ್ ಮಿಲಿಟ್ಕಿ, ಗ್ರಾಪ್ನರ್ ಕಂಪನಿಗಾಗಿ 'ಸೈಲೆಂಟಿಯಸ್' ಎಂಬ ವಿದ್ಯುತ್ ಮಾದರಿ ತಂದರು. ಹೆಸರೇ ಹೇಳುವ ಹಾಗೆ ಸದ್ದಿಲ್ಲದ್ದು. ಅದೇ ಮಿಲಿಟ್ಕಿಯ ಹಟದಿಂದ 1973ರ ಅಕ್ಟೋಬರ್ 21ರಂದು ಆಸ್ಟ್ರಿಯಾದಲ್ಲಿ ಮನುಷ್ಯನನ್ನೇ ಹೊತ್ತ ವಿದ್ಯುತ್ ವಿಮಾನ ಹಾರಿತು, ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ, ಸುಮಾರು ಹತ್ತು ನಿಮಿಷ. ಮರುವರ್ಷ ಅಮೆರಿಕದ ಬೌಷರ್ 'ಸನ್‌ರೈಸ್' ಎಂಬ ವಿಮಾನವನ್ನು ಸೂರ್ಯನ ಬೆಳಕಲ್ಲೇ ಹಾರಿಸಿದರು.

ಆದರೂ ಮೂವತ್ತು ವರ್ಷ ಇದು ಹುಚ್ಚರ ಹವ್ಯಾಸವಾಗಿಯೇ ಉಳಿಯಿತು. ಯಾಕೆ ಅನ್ನೋದನ್ನ ನನ್ನ 2004ರ ವಿಮಾನದ ಲೆಕ್ಕದಲ್ಲೇ ಹೇಳ್ತೀನಿ.

ಥರ್ಮೋಕೋಲಿನ ಗ್ಲೈಡರ್, ರೆಕ್ಕೆ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್, ಒಟ್ಟು ತೂಕ ಸುಮಾರು 600 ಗ್ರಾಂ. ಮೂತಿಯಲ್ಲಿ 'ಸ್ಪೀಡ್ 400' ಮೋಟಾರು, 70 ಗ್ರಾಂ. ಹೆಸರು ದೊಡ್ಡದು, ಒಳಗೆ ನೋಡಿದರೆ ಆಟಿಕೆ ಕಾರಿನಲ್ಲೂ ಹೇರ್ ಡ್ರೈಯರಿನಲ್ಲೂ ಇರುವ ಡಬ್ಬಿ ಮೋಟಾರಿನ ಜಾತಿಯೇ. ಎಂಟು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳ ಕಟ್ಟು 150 ಗ್ರಾಂ. ಅದರಲ್ಲಿದ್ದ ಶಕ್ತಿ 9.6 ವೋಲ್ಟ್ ಗುಣಿಸು 0.6 ಆಂಪಿಯರ್-ಗಂಟೆ, ಅಂದರೆ ಆರು ವ್ಯಾಟ್-ಗಂಟೆಯೂ ಇಲ್ಲ. ಮೋಟಾರು ಎಳೆಯುತ್ತಿದ್ದುದು 70 ವ್ಯಾಟ್. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಬಿಸಿಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಮೋಟಾರು ಮುಟ್ಟಿದರೆ ಕೈ ಸುಡುತ್ತಿತ್ತು.

ಆ ಮೋಟಾರಿನಲ್ಲಿ ತಿರುಗುವುದು ತಾಮ್ರದ ಸುರುಳಿ. ತಿರುಗುವ ಸುರುಳಿಗೆ ಕರೆಂಟ್ ಕೊಡಬೇಕಲ್ಲ, ಅದಕ್ಕೆ ಎರಡು ಬ್ರಷ್‌ಗಳು ಉಜ್ಜುತ್ತಾ ನಿಂತಿರುತ್ತವೆ. ಉಜ್ಜಿದಲ್ಲಿ ಕಿಡಿ, ಕಿಡಿಯಿಂದ ಸವೆತ, ಜೊತೆಗೆ ರೇಡಿಯೋಗೆ ಗಲಾಟೆ. ಗಲಾಟೆ ತಡೆಯಲು ಮೋಟಾರಿನ ಬೆನ್ನಿಗೆ ಮೂರು ಪುಟ್ಟ ಕೆಪಾಸಿಟರ್ ಬೆಸುಗೆ ಹಾಕಬೇಕಿತ್ತು. ಒಂದು ಬೆಸುಗೆ ಬಿಟ್ಟರೂ ವಿಮಾನಕ್ಕೆ ಮಿರ್ಗಿ ಬಂದಂತೆ ಆಗುತ್ತಿತ್ತು. ನಮೂದು: "ತುಮಕೂರು. 0 ನಿ. 50 ಸೆ. ಕೆಪಾಸಿಟರ್." ಅಪ್ಪ ಬೈಯಲಿಲ್ಲ, ಬರೆದರು ಅಷ್ಟೆ.

ಬ್ರಷ್ ತೆಗೆದುಹಾಕುವ ಯೋಚನೆ ಹೊಸದಲ್ಲ. 1962ರಲ್ಲೇ ವಿಲ್ಸನ್ ಮತ್ತು ಟ್ರಿಕಿ ಎಂಬಿಬ್ಬರು ಟ್ರಾನ್ಸಿಸ್ಟರ್ ಬಗೆಯ ಸ್ವಿಚ್ಚುಗಳಿಂದ ಕರೆಂಟ್ ತಿರುಗಿಸುವ ಡಿಸಿ ಮೋಟಾರಿನ ಬಗ್ಗೆ ಪ್ರಬಂಧ ಬರೆದಿದ್ದರು. ಉಪಾಯ ಇಷ್ಟೆ. ಸುರುಳಿಯನ್ನು ನಿಲ್ಲಿಸಿ, ಅಯಸ್ಕಾಂತವನ್ನು ತಿರುಗಿಸಿ. ಆಗ ಉಜ್ಜುವುದೇ ಬೇಕಿಲ್ಲ. ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕು ಅನ್ನೋದನ್ನ ಒಂದು ಎಲೆಕ್ಟ್ರಾನಿಕ್ ಹಲಗೆ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಹಗುರವಾದ, ಬಲವಾದ ಅಯಸ್ಕಾಂತ ಬೇಕು. ಅದು ಬಂದದ್ದು ಎಂಬತ್ತರ ದಶಕದ ಮೊದಲರ್ಧದಲ್ಲಿ, ಜಪಾನ್ ಮತ್ತು ಅಮೆರಿಕದಲ್ಲಿ ಬೇರೆಬೇರೆಯಾಗಿ ನಿಯೋಡಿಮಿಯಂ ಅಯಸ್ಕಾಂತ ತಯಾರಾದಾಗ. ಆಮೇಲೆ ಅಗ್ಗದ ಮೈಕ್ರೋಕಂಟ್ರೋಲರ್‌ಗಳು. ಆಮೇಲೆ, ನೀವು ನಂಬ್ತೀರೋ ಇಲ್ವೋ, ಸಿಡಿ ಡ್ರೈವ್‌ಗಳು.

ಸಿಡಿ ತಿರುಗಿಸುವ ಮೋಟಾರು ಬ್ರಷ್ ಇಲ್ಲದ್ದು. ಒಳಗೆ ಒಂಬತ್ತು ಹಲ್ಲಿನ ಸುರುಳಿ, ಹೊರಗೆ ಬಟ್ಟಲಿನ ಹಾಗೆ ತಿರುಗುವ ಅಯಸ್ಕಾಂತದ ಉಂಗುರ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಯೂರೋಪು ಅಮೆರಿಕದ ಹವ್ಯಾಸಿಗಳು ಸತ್ತ ಡ್ರೈವ್‌ಗಳಿಂದ ಇದನ್ನು ಕಿತ್ತು, ದಪ್ಪ ತಂತಿ ಸುತ್ತಿ, ನಿಯೋಡಿಮಿಯಂ ತುಂಡುಗಳನ್ನು ಅಂಟಿಸಿ ವಿಮಾನಕ್ಕೆ ಹಾಕಿದರು. ಔಟ್‌ರನ್ನರ್ ಅಂತ ಕರೆಯುವ ಈ ಹೊರಸುತ್ತಿನ ಮೋಟಾರುಗಳು ಜನರ ಕೈಗೆ ಬಂದದ್ದರಲ್ಲಿ ಕಂಪನಿಗಳಷ್ಟೇ ಪಾಲು ಅಡುಗೆಮನೆ ಮೇಜಿನ ಮೇಲೆ ತಂತಿ ಸುತ್ತಿದವರದ್ದೂ ಇದೆ. ನಾನೂ ಸುತ್ತಿದೆ. ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಕೆಫೆಯಿಂದ ಕೆಟ್ಟ ಡ್ರೈವ್ ಬೇಡಿ ತಂದು ಮೂರು ರಾತ್ರಿ ಕೂತೆ. ತಿರುಗಿತು. ಎರಡು ನಿಮಿಷ ತಿರುಗಿ, ಅಂಟು ಬಿಟ್ಟ ಅಯಸ್ಕಾಂತ ಗೋಡೆಗೆ ಹೋಗಿ ಬಡಿಯಿತು. ಕೊನೆಗೆ 2006ರಲ್ಲಿ ಸಂಬಳದ ಒಂದು ಒಳ್ಳೇ ತುಂಡು ಕೊಟ್ಟು ರೆಡಿಮೇಡ್ ಔಟ್‌ರನ್ನರ್ ತರಿಸಿದೆ. ತೂಕ 50 ಗ್ರಾಂ.

ಅದು ಬಂದ ದಿನ ಅಪ್ಪನ ಮುಂದೆ ಇಟ್ಟು ಭಾಷಣ ಶುರು ಮಾಡಿದೆ. ಬ್ರಷ್ಷೇ ಇಲ್ಲ ನೋಡಿ, ಮೂರು ವೈರು, ಯಾವ ಎರಡು ವೈರು ಅದಲುಬದಲು ಮಾಡಿದರೂ ಉಲ್ಟಾ ತಿರುಗುತ್ತೆ, ಅದು ಇದು. ಅಪ್ಪ ಪೂರ್ತಿ ಕೇಳಿ, ಕೈಗಡಿಯಾರ ತೋರಿಸಿ, "ಇದರೊಳಗೂ ಅದೇ ಇದೆಯಲ್ಲೋ" ಅಂದರು. ನಾನು ನಕ್ಕುಬಿಟ್ಟೆ. "ಮುಳ್ಳು ತಿರುಗಿಸೋದೂ ಒಂದು ಮೋಟಾರಾ ಅಪ್ಪ?" ಅಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

(ಆ ವಾರವೇ ವೈರು ಅದಲುಬದಲಾಗಿ, ಅಪ್ಪ ಎಸೆದ ವಿಮಾನ ಹಿಂದಕ್ಕೆ ತಳ್ಳಿಕೊಂಡು ಅವರ ಕಾಲ ಬಳಿಯೇ ಬಿತ್ತು. ನಮೂದು: "0 ನಿ. 2 ಸೆ.")

ಮೋಟಾರು ಬದಲಾಯಿಸಿದರೂ ನನಗೆ ಸಿಕ್ಕಿದ್ದು ಆರು ನಿಮಿಷ ಚಿಲ್ಲರೆ. ನಿಕಲ್-ಕ್ಯಾಡ್ಮಿಯಂ ಕಟ್ಟಿನಲ್ಲಿ ಇದ್ದದ್ದೇ ಅಷ್ಟು. ಒಂದು ಕೈಯಲ್ಲಿ ಚಪ್ಪಾಳೆ ತಟ್ಟಿದಂತೆ. ಎರಡನೇ ಕೈ ಬಂದದ್ದು ಲಿಥಿಯಂ ರೂಪದಲ್ಲಿ.

ಲಿಥಿಯಂ ಬ್ಯಾಟರಿಯನ್ನು ಯಾರೂ ವಿಮಾನಕ್ಕಾಗಿ ಮಾಡಲಿಲ್ಲ. ಎಪ್ಪತ್ತರ ದಶಕದಲ್ಲಿ ವಿಟಿಂಗ್‌ಹ್ಯಾಮ್ ತೈಲ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಶುರು ಮಾಡಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ತಂದರು. 1985ರಲ್ಲಿ ಜಪಾನಿನ ಯೋಶಿನೋ ಅಪಾಯಕಾರಿ ಲಿಥಿಯಂ ಲೋಹವನ್ನೇ ಬಿಟ್ಟು ಇಂಗಾಲದ ವಸ್ತು ಬಳಸಿದರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು, ಮೊದಮೊದಲು ವಿಡಿಯೋ ಕ್ಯಾಮೆರಾಗಳಿಗೆ. ಆಮೇಲೆ ಮೊಬೈಲು, ಲ್ಯಾಪ್‌ಟಾಪು. ತೆಳ್ಳಗಿನ ಪೊಟ್ಟಣದಲ್ಲಿ ಬರುವ ಲಿಥಿಯಂ ಪಾಲಿಮರ್, ಅಂದರೆ ಲಿಪೋ, ಹವ್ಯಾಸಿಗಳ ಕೈ ಸೇರಿದ್ದು 2000ದ ನಂತರ.

ನನ್ನ ಮೊದಲ ಲಿಪೋ ಮೂರು ಸೆಲ್ಲಿನದು, 11.1 ವೋಲ್ಟ್, 1300 ಮಿಲಿಆಂಪಿಯರ್-ಗಂಟೆ, ತೂಕ 110 ಗ್ರಾಂ. ಶಕ್ತಿ ಹದಿನಾಲ್ಕು ವ್ಯಾಟ್-ಗಂಟೆಗೂ ಹೆಚ್ಚು. ತೂಕ ಕಡಿಮೆ, ಶಕ್ತಿ ಎರಡೂವರೆ ಪಟ್ಟು! ಖುಷಿಯಲ್ಲಿ ಹಾಕಿ ಹಾರಿಸಿದೆ. ವಿಮಾನ ಮೂತಿ ಎತ್ತಿ, ನಿಂತು, ಬಾಲ ಅಡಿಯಾಗಿ ಬಿತ್ತು. ಮೋಟಾರಿನಲ್ಲಿ 20, ಬ್ಯಾಟರಿಯಲ್ಲಿ 40, ಒಟ್ಟು 60 ಗ್ರಾಂ ಮೂತಿಯಿಂದ ಕಮ್ಮಿಯಾಗಿ ತೂಕದ ಕೇಂದ್ರ ಹಿಂದಕ್ಕೆ ಸರಿದಿತ್ತು. ಪ್ರಪಂಚವೆಲ್ಲ ಹಗುರ ಮಾಡಲು ಒದ್ದಾಡಿದ ವಸ್ತು ಕೈಗೆ ಬಂದಾಗ ನಾನು ಮಾಡಿದ್ದೇನು? ಆಗಿನ ದಪ್ಪ ಐದು ರೂಪಾಯಿ ನಾಣ್ಯ ಒಂದೊಂದು 9 ಗ್ರಾಂ. ಆರು ನಾಣ್ಯ, ಮೂವತ್ತು ರೂಪಾಯಿ, ಮೂತಿಗೆ ಟೇಪ್ ಹಾಕಿದೆ. ಹಾರಿತು. ಅಪ್ಪ ಹೇಳಿದ ಮೇಲೆಯೇ ತಲೆಗೆ ಹೊಳೆದದ್ದು, ನಾಣ್ಯದ ಬದಲು ಬ್ಯಾಟರಿಯನ್ನೇ ದೊಡ್ಡದು ಮಾಡಬಹುದಲ್ಲ ಅಂತ. 2200ರ ಬ್ಯಾಟರಿ ತಂದೆವು.

ಆ ಬ್ಯಾಟರಿಯ ಮೊದಲ ಹಾರಾಟ ಕುಣಿಗಲ್ಲಿನಲ್ಲಿ. ಅತ್ತೆಯ ಮನೆಗೆ ಹೋದಾಗ ಕೆರೆಯ ಆಚೆಯ ಬಯಲಿನಲ್ಲಿ. ಕುಣಿಗಲ್ ಅಂದರೆ ಕುದುರೆ ಫಾರಂ, ಟಿಪ್ಪುವಿನ ಕಾಲದಿಂದ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗ. ಬೆದರಿದ ಕುದುರೆಯ ಲೆಕ್ಕ ಕೊಡೋದು ಬೇಡ ಅಂತ ಫಾರಮ್ಮಿನಿಂದ ದೂರವೇ ಇದ್ದೆವು. ಅಪ್ಪ ಕೇಳಿದರು, ನಿನ್ನ ಮೋಟಾರು ಎಷ್ಟು ಕುದುರೆ ಅಂತ. ಹನ್ನೊಂದು ವೋಲ್ಟ್, ಹದಿನೈದು ಆಂಪಿಯರ್, ಸುಮಾರು 165 ವ್ಯಾಟ್. ಒಂದು ಅಶ್ವಶಕ್ತಿ 746. ಕಾಲು ಕುದುರೆಗೂ ತುಸು ಕಮ್ಮಿ. ಆದರೆ ಹತ್ತಿಂಚಿನ ಪ್ರೊಪೆಲರ್ ವಿಮಾನದ ತೂಕಕ್ಕಿಂತ ಹೆಚ್ಚು ಎಳೆಯುತ್ತಿತ್ತು. ಕಡ್ಡಿ ತಳ್ಳಿದರೆ ನೆಟ್ಟಗೆ ಆಕಾಶಕ್ಕೆ! ಎರಡು ವರ್ಷ ತೆಂಗಿನ ಮರದ ಎತ್ತರಕ್ಕೆ ಏರಲು ಏದುಸಿರು ಬಿಟ್ಟ ಅದೇ ಥರ್ಮೋಕೋಲು. ನಮೂದು: "ಕುಣಿಗಲ್. 21 ನಿ. 10 ಸೆ. ಕತ್ತು ನೋವು." ಪುಸ್ತಕದಲ್ಲಿ ಅಪ್ಪ ಅಡಿಗೆರೆ ಎಳೆದ ಒಂದೇ ಸಾಲು ಅದು.

ಒಂದು ತಪ್ಪು ಒಪ್ಪಿಕೊಳ್ಳಬೇಕು. 2007ರಲ್ಲಿ ಹಳೇ ನಿಕಲ್-ಕ್ಯಾಡ್ಮಿಯಂ ಚಾರ್ಜರಿಗೆ ಲಿಪೋ ಸಿಕ್ಕಿಸಿ ಊಟಕ್ಕೆ ಹೋದೆ. ಆ ಹಳೇ ಚಾರ್ಜರ್ ನಿಲ್ಲುವುದು ವೋಲ್ಟೇಜ್ ತುದಿ ಮುಟ್ಟಿ ಸ್ವಲ್ಪ ಇಳಿದಾಗ. ಲಿಥಿಯಂ ಆ ಇಳಿತ ತೋರಿಸುವುದೇ ಇಲ್ಲ. ಒಂದು ಸೆಲ್ಲಿಗೆ 4.2 ವೋಲ್ಟ್ ದಾಟಬಾರದು, ದಾಟಿತು. ದಿಂಬಿನಂತೆ ಊದಿ, ಉಸ್ಸೆಂದು ಬೆಂಕಿ. ಪರದೆ ಹತ್ತಿಕೊಂಡಿತು. ಅಮ್ಮ ಹಿತ್ತಲಿನಿಂದ ಮರಳಿನ ಬಾಂಡಲಿ ತಂದು ಸುರಿಯದಿದ್ದರೆ ಈ ನೋಟ್‌ಬುಕ್ಕೂ ಇರುತ್ತಿರಲಿಲ್ಲ. ಅವತ್ತಿನ ಪುಟದಲ್ಲಿ ಬರೀ ತಾರೀಖು ಇದೆ.

ಈಗ ಆ ಪುಟಕ್ಕೆ ಬರ್ತೀನಿ, ಯಾವುದಕ್ಕಾಗಿ ಇಷ್ಟೆಲ್ಲ ಬರೆದೆನೋ ಅದಕ್ಕೆ. ನಾನು ನಕ್ಕ ದಿನದ ತಾರೀಖು. ಹಾರಾಟ ಇಲ್ಲ, ಒಂದು ಚಿತ್ರ. ಒಂದು ಉದ್ದನೆಯ ಸುರುಳಿ, ಎರಡು ಕೈ ಚಾಚಿದ ಕಬ್ಬಿಣದ ತಗಡು, ನಡುವೆ ಚಿಕ್ಕ ವೃತ್ತ, ಅದರಲ್ಲಿ ಉತ್ತರ ದಕ್ಷಿಣ. ಪಕ್ಕದಲ್ಲಿ: "ಸುರುಳಿ ನಿಂತಿದೆ. ಅಯಸ್ಕಾಂತ ತಿರುಗುತ್ತೆ. ಬ್ರಷ್ ಇಲ್ಲ."

ಅಪ್ಪ ಸರಿಯಾಗೇ ಹೇಳಿದ್ದರು. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ಪು ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಬಂದು ಸೆಕೆಂಡಿಗೆ ಒಂದು ತಟ್ಟಿಗೆ ಇಳಿಸುತ್ತದೆ. ಆ ತಟ್ಟು ಒಮ್ಮೆ ಈ ದಿಕ್ಕಿಗೆ, ಮರುಸಲ ಆ ದಿಕ್ಕಿಗೆ ಸುರುಳಿಯಲ್ಲಿ ಹರಿಯುತ್ತದೆ, ಸಾಸಿವೆ ಗಾತ್ರದ ಅಯಸ್ಕಾಂತ ಅರ್ಧ ಸುತ್ತು ತಿರುಗುತ್ತದೆ, ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಫ್ರಾನ್ಸಿನ ಮಾರಿಯಸ್ ಲಾವೆ 1936ರಲ್ಲಿ ಪೇಟೆಂಟ್ ಪಡೆದ ಮೋಟಾರು ಇದು. ನನ್ನದು ಮೂರು ಹಂತದ್ದು, ಅದು ಒಂದೇ ಸುರುಳಿಯದು. ನನ್ನದು ಸುತ್ತುತ್ತದೆ, ಅದು ಹೆಜ್ಜೆ ಇಡುತ್ತದೆ. ವ್ಯತ್ಯಾಸ ಅಷ್ಟೆ. ಎಲೆಕ್ಟ್ರಾನಿಕ್ ಹಲಗೆ ಕರೆಂಟ್ ತಿರುಗಿಸುವ ತತ್ವ ಒಂದೇ. ಸಿಟಿಜನ್ ಸಹಯೋಗದಲ್ಲಿ ಭಾಗಶಃ ಕ್ವಾರ್ಟ್ಜ್‌ಗೆ ಬದಲಾದ ತುಮಕೂರಿನ ಆ ಕಾರ್ಖಾನೆಯಿಂದ ಹೊರಟ ಒಂದೊಂದು ಕ್ವಾರ್ಟ್ಜ್ ಗಡಿಯಾರದಲ್ಲೂ ಬ್ರಷ್ ಇಲ್ಲದ ಮೋಟಾರು ಇತ್ತು. ನಾನು ಹೊರದೇಶದಿಂದ ತರಿಸಿದ ಅದ್ಭುತವನ್ನು ಅಪ್ಪ ವರ್ಷಗಟ್ಟಲೆ ಕೈಯಾರೆ ಕೂರಿಸಿದ್ದರು.

ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಮೊನ್ನೆ ಬೆನ್ನು ಬಿಚ್ಚಿ ಗುಂಡಿ ಸೆಲ್ಲು ತೆಗೆದೆ. ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಬೆಳ್ಳಿ ಮತ್ತು ಸತು. ಕರ್ನಲ್ ಟ್ಯಾಪ್ಲಿನ್ 1957ರಲ್ಲಿ 'ರೇಡಿಯೋ ಕ್ವೀನ್' ಹಾರಿಸಿದ ಅದೇ ಜೋಡಿ! ನನ್ನ ಹಾರಾಟದ ನಿಮಿಷಗಳನ್ನೆಲ್ಲ ಎಣಿಸಿದ್ದು ಅದು.

ಆಮೇಲಿನದ್ದು ನಿಮಗೂ ಗೊತ್ತಿರೋದೇ. ಈ ಮೋಟಾರು, ಈ ಬ್ಯಾಟರಿ ನಾಲ್ಕು ಮೂಲೆಗೆ ಸೇರಿ ಡ್ರೋನ್ ಆಯಿತು. ಬೆಂಗಳೂರಿನ ಎನ್‌ಎಎಲ್‌ನವರು 'ಬ್ಲಾಕ್ ಕೈಟ್', 'ಗೋಲ್ಡನ್ ಹಾಕ್' ಎಂಬ ಮೊಳದುದ್ದವೂ ಇಲ್ಲದ ವಿದ್ಯುತ್ ವಿಮಾನಗಳನ್ನು ಮಾಡಿದರು. 2014ರ ಅಕ್ಟೋಬರಿನಲ್ಲಿ ಡಿಜಿಸಿಎ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಪೈಲಟ್ ಇಲ್ಲದ ವಿಮಾನಗಳ ನಾಗರಿಕ ಬಳಕೆಗೆ ತಡೆ ಹಾಕಿತು. ನಮ್ಮ ಥರ್ಮೋಕೋಲು ಅದರಲ್ಲಿ ಬರುತ್ತದೋ ಇಲ್ಲವೋ ಅಂತ ಕೇಳಲು ಹೋಗುವ ಧೈರ್ಯ ನನಗಿರಲಿಲ್ಲ. ಹಾರಿಸುವುದನ್ನೇ ಬಿಟ್ಟೆ. 2021ರ ಆಗಸ್ಟಿನ ಡ್ರೋನ್ ನಿಯಮಗಳಲ್ಲಿ ಆಟಕ್ಕೆ, ಕಲಿಕೆಗೆ ಕಣ್ಣಳತೆಯಲ್ಲಿ ಹಾರಿಸುವ ಮಾದರಿಗಳಿಗೆ ಪ್ರತ್ಯೇಕ ಜಾಗ ಕೊಟ್ಟರು, ಕೆಂಪು ಹಳದಿ ಹಸಿರು ವಲಯಗಳ ನಕ್ಷೆಯೂ ಬಂತು. ಒಳ್ಳೇದೇ ಆಯ್ತು. ಆದರೆ ನನಗೆ ಎಸೆದುಕೊಡುವವರು ಅಷ್ಟರಲ್ಲಿ ಇರಲಿಲ್ಲ.

ಎಚ್‌ಎಂಟಿ ವಾಚುಗಳ ಮೇಲೆ 2016ರಲ್ಲಿ ಬಾಗಿಲು ಬಿತ್ತು. ತುಮಕೂರಿನ ಆ ಜಾಗ ಈಗ ಇಸ್ರೋದ್ದು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಗುಬ್ಬಿಯಿಂದ ಹೆಲಿಕಾಪ್ಟರ್! ಅಪ್ಪನಿಗೆ ತಮಾಷೆಯೆನಿಸುತ್ತಿತ್ತು.

ನೋಟ್‌ಬುಕ್ಕಿನ ಕೊನೆಯಲ್ಲಿ ಅವರು ಅಂಟಿಸಿದ್ದು ಒಂದು ಪತ್ರಿಕೆಯ ತುಣುಕು, 2019ರ ಅಕ್ಟೋಬರಿನದು. ಲಿಥಿಯಂ ಬ್ಯಾಟರಿಗೆ ನೊಬೆಲ್, ಮೂವರ ಫೋಟೋ. ಪಕ್ಕದಲ್ಲಿ ನನಗಾಗಿ ಬರೆದ ಒಂದು ಸಾಲು: "ಹಳೇ ಚಾರ್ಜರಿಗೆ ಹಾಕಬೇಡ."

ಭಾನುವಾರ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿಸಿದೆ. ನಕ್ಷೆ ನೋಡಿಕೊಂಡು ಕಡಬದ ಕಡೆ ರಾಗಿ ಕೊಯ್ದ ಹೊಲಕ್ಕೆ ಹೋದೆ. ಮಗಳು ನಾಲ್ಕು ಹೆಜ್ಜೆ ಓಡಿ ಎಸೆದಳು, ಸ್ವಲ್ಪ ಕೆಳಮುಖವಾಗಿ, ಆದರೂ ಎದ್ದಿತು. ಗಡಿಯಾರ ಅವಳ ಕೈಯಲ್ಲಿತ್ತು, ಪಟ್ಟಿ ದೊಡ್ಡದಾಗಿ ಜಾರುತ್ತಿತ್ತು. ಬರೆಯುವ ಕೆಲಸವೂ ಅವಳದೇ. "ಕಡಬ. 18 ನಿ. 40 ಸೆ. ಮರ ಸಿಗಲಿಲ್ಲ."